ಎನ್ಸೆಲಡಸ್‌ನ ಆ ನೀಲಿ ಗೆರೆಗಳು: ಫೋಟೋ ನೋಡಿ ಎಷ್ಟು ನಂಬಬಹುದು?

ಸಂಜೆಮಲ್ಲಿಗೆ
ಎಲ್ಲರಿಗೂ ನಮಸ್ಕಾರ. ಶನಿಯ ಚಂದ್ರ ಎನ್ಸೆಲಡಸ್‌ನ ಆ ಪ್ರಸಿದ್ಧ ಫೋಟೋ ನೋಡಿರುತ್ತೀರಿ. ಬೆಳ್ಳಗಿನ ಗೋಳ, ದಕ್ಷಿಣ ಧ್ರುವದ ಹತ್ತಿರ ಉಗುರಿನಲ್ಲಿ ಗೀರಿದ ಹಾಗೆ ನಾಲ್ಕು ನೀಲಿ ಗೆರೆ. ಕ್ಯಾಸಿನಿ ನೌಕೆ 2005ರ ಜುಲೈನಲ್ಲಿ ತೆಗೆದದ್ದು.

ನನಗೆ ಎರಡು ಅನುಮಾನ. ಒಂದು, ಆ ಗೆರೆಗಳು ನಿಜಕ್ಕೂ ನೀಲಿ ಬಣ್ಣದವೇ? ಎರಡು, "ಹಿಮದ ಕೆಳಗೆ ಸಮುದ್ರ ಇದೆ ಎಂದು ಫೋಟೋಗಳು ತೋರಿಸಿವೆ" ಅಂತ ಎಲ್ಲರೂ ಬರೆಯುತ್ತಾರೆ. ಫೋಟೋದಲ್ಲಿ ಕಾಣುವುದು ಮೇಲಿನ ಹಿಮ ಮಾತ್ರ ಅಲ್ವಾ? ಒಳಗಿನ ನೀರು ಯಾರ ಕಣ್ಣಿಗೆ ಬಿತ್ತು? ಇದೆಲ್ಲ ಸುಮ್ನೆ ಊಹೆಯಾ, ಇಲ್ಲಾ ಗಟ್ಟಿ ಆಧಾರ ಇದೆಯಾ?

ಪಿಕ್ಸೆಲ್ ಪುಟ್ಟ
ನೀಲಿ ಅಲ್ಲ, ಬಣ್ಣ ಹಚ್ಚಿದ್ದಾರೆ. ಇದು ಹಳೇ ಚಾಳಿ.

ಉಂಗುರದಾಚೆ
ಬಣ್ಣ ಹಚ್ಚಿದ್ದಾರೆ ಅಂದುಬಿಟ್ಟರೆ ಮುಗೀತಾ ಪುಟ್ಟಣ್ಣ? ಯಾಕೆ ಹಾಗೆ ಹಚ್ಚಿದರು ಅನ್ನುವುದರಲ್ಲೇ ಇರುವುದು ಸ್ವಾರಸ್ಯ.

ಕ್ಯಾಸಿನಿಯ ಕ್ಯಾಮೆರಾ ಕಪ್ಪು-ಬಿಳುಪಿನದು. 1024 × 1024 ಪಿಕ್ಸೆಲ್‌ನ ಸೆನ್ಸರ್, ಅದರ ಮುಂದೆ ತಿರುಗುವ ಫಿಲ್ಟರ್ ಚಕ್ರಗಳು. ಒಂದೊಂದು ಫಿಲ್ಟರ್ ಹಾಕಿ ಒಂದೊಂದು ಫೋಟೋ ತೆಗೆಯುತ್ತಿತ್ತು. ಭೂಮಿಗೆ ಬಂದ ಮೇಲೆ ಅವನ್ನು ಒಂದರ ಮೇಲೊಂದು ಕೂರಿಸಿ ಬಣ್ಣದ ಚಿತ್ರ ಮಾಡುತ್ತಿದ್ದರು. ನೀವು ಹೇಳುವ ಚಿತ್ರದಲ್ಲಿ ನೇರಳಾತೀತ ಮತ್ತು ಇನ್‌ಫ್ರಾರೆಡ್ ಕೂಡ ಸೇರಿವೆ. ಇವೆರಡೂ ನಮ್ಮ ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ಕಾಣುವ ಯಾವುದಾದರೂ ಬಣ್ಣಕ್ಕೆ ಹೊಂದಿಸಲೇಬೇಕು.

ಈಗ ನೀಲಿ ಎಲ್ಲಿಂದ ಬಂತು ಅಂದರೆ, ಹಿಮದ ಹರಳು ದಪ್ಪ ಇದ್ದಷ್ಟೂ ಇನ್‌ಫ್ರಾರೆಡ್ ಬೆಳಕನ್ನು ಜಾಸ್ತಿ ಹೀರುತ್ತದೆ. ಇನ್‌ಫ್ರಾರೆಡ್‌ಗೆ ಕೆಂಪು ಬಣ್ಣ ಕೊಟ್ಟಿರುವುದರಿಂದ ಚಿತ್ರದಲ್ಲಿ ಆ ಜಾಗದ ಕೆಂಪು ಪಾಲು ಕಡಿಮೆಯಾಗಿ ನೀಲಿ ಎದ್ದು ಕಾಣುತ್ತದೆ. ಸುತ್ತಲಿನ ಬಯಲಿನಲ್ಲಿರುವುದು ನುಣ್ಣನೆಯ ಪುಡಿ ಹಿಮ, ಅದು ಬೆಳ್ಳಗೇ ಉಳಿಯುತ್ತದೆ. ಅಂದರೆ ನೀಲಿ ಇರುವ ಕಡೆ ಹಿಮದ ಹರಳು ದಪ್ಪ ಅಂತ ಓದಿಕೊಳ್ಳಬೇಕು. ಆ ಗೆರೆಗಳು ಹಿಮದಲ್ಲಿನ ಬಿರುಕುಗಳು, ಅವುಗಳ ಗೋಡೆಗಳ ಮೇಲೆ ಪುಡಿ ಇನ್ನೂ ಪೂರ್ತಿ ಮುಚ್ಚಿಕೊಂಡಿಲ್ಲ.

ನೀವೇ ಅಲ್ಲಿ ಹೋಗಿ ನಿಂತರೆ ಬಹುತೇಕ ಎಲ್ಲ ಕಡೆ ಬಿಳಿ. ಸೌರವ್ಯೂಹದಲ್ಲಿ ಬೆಳಕನ್ನು ಅಷ್ಟು ಚೆನ್ನಾಗಿ ವಾಪಸ್ ಎಸೆಯುವ ಇನ್ನೊಂದು ಚಂದ್ರ ಸಿಗುವುದು ಕಷ್ಟ.

ಪಿಕ್ಸೆಲ್ ಪುಟ್ಟ
ಸರಿ, ನಾನು ಹೇಳಿದ್ದೂ ಅದೇ ಅಲ್ವಾ, ಕಣ್ಣಿಗೆ ನೀಲಿ ಕಾಣುವುದಿಲ್ಲ ಅಂತ. ಚಿತ್ರದ ಕೆಳಗೆ ಅದನ್ನು ಬರೆಯಬೇಕು. ಅರ್ಧ ಜನ ಅದನ್ನು ನೀರು ಅಂದುಕೊಂಡಿದ್ದಾರೆ.

ಮೂಡಲಗಾಳಿ
ಮೂಲ ಚಿತ್ರದ ಕೆಳಗೆ ಬರೆದೇ ಇರುತ್ತಾರೆ. ಶೇರ್ ಮಾಡುವವರು ಕತ್ತರಿಸಿ ಬಿಸಾಡುತ್ತಾರೆ.

ಕಲ್ಲುಗುಂಡು
ಎರಡನೇ ಪ್ರಶ್ನೆಗೆ ಬರುತ್ತೇನೆ. ಸಮುದ್ರವನ್ನು ಕಂಡುಹಿಡಿದದ್ದು ಫೋಟೋ ಅಂತ ಹೇಳುವುದು ಉಳಿದ ಉಪಕರಣಗಳಿಗೆ ಮಾಡುವ ಅನ್ಯಾಯ. ಮೊದಲು ಸುಳಿವು ಕೊಟ್ಟದ್ದು ಕಾಂತಮಾಪಕ. 2005ರ ಫೆಬ್ರವರಿ ಮತ್ತು ಮಾರ್ಚ್‌ನಲ್ಲಿ ನೌಕೆ ಪಕ್ಕದಲ್ಲಿ ಹಾದಾಗ ಶನಿಯ ಕಾಂತಕ್ಷೇತ್ರ ಎನ್ಸೆಲಡಸ್ ಸುತ್ತ ಬಾಗಿದ್ದು ಕಂಡಿತು. ಬರೀ ಹಿಮದ ಗುಂಡಾಗಿದ್ದರೆ ಹಾಗೆ ಬಾಗಬೇಕಾಗಿರಲಿಲ್ಲ. ಸುತ್ತ ಏನೋ ಅನಿಲ ಇದೆ ಅನ್ನಿಸಿತು. ಮಿಷೆಲ್ ಡೌಹರ್ಟಿ ನೇತೃತ್ವದ ಆ ತಂಡ ಇನ್ನೂ ಹತ್ತಿರ ಹೋಗೋಣ ಅಂತ ಪಟ್ಟು ಹಿಡಿಯಿತು. ಹಾಗಾಗಿಯೇ ಜುಲೈ 14ರಂದು ನೌಕೆ ಸುಮಾರು 175 ಕಿ.ಮೀ. ಎತ್ತರಕ್ಕೆ ಇಳಿಯಿತು. ಮೊದಲ ಯೋಜನೆಯಲ್ಲಿ ಅಷ್ಟು ಕೆಳಗೆ ಇಳಿಯುವುದೇ ಇರಲಿಲ್ಲ. ನೀವು ಮೆಚ್ಚುವ ಆ ಫೋಟೋ ಬಂದದ್ದು ಕಾಂತಮಾಪಕದ ಋಣದಲ್ಲಿ.

ಬೆಳ್ಳಿಚುಕ್ಕಿ
ಕಲ್ಲುಗುಂಡು ಅವರೇ, ಒಪ್ಪಿದೆ. ಆದರೆ ಕ್ಯಾಮೆರಾವನ್ನು ಅಷ್ಟು ಸುಲಭವಾಗಿ ಪಕ್ಕಕ್ಕೆ ತಳ್ಳಬೇಡಿ. 2005ರ ಜನವರಿಯ ಚಿತ್ರಗಳಲ್ಲೇ ದಕ್ಷಿಣ ಧ್ರುವದ ಅಂಚಿನಲ್ಲಿ ಮಸುಕು ಬೆಳಕು ಇತ್ತು. ಲೆನ್ಸ್ ಒಳಗೆ ಚೆದುರಿದ ಬೆಳಕೂ ಇರಬಹುದು ಅಂತ ತಂಡದವರು ಬಾಯಿ ಮುಚ್ಚಿಕೊಂಡು ಕಾದರು. ಆ ತಾಳ್ಮೆ ನನಗೆ ಇಷ್ಟ. ನವೆಂಬರ್ 27ರ ಚಿತ್ರಗಳಲ್ಲಿ ಅನುಮಾನವೇ ಉಳಿಯಲಿಲ್ಲ. ಸೂರ್ಯ ಆಚೆ ಬದಿ, ನೌಕೆ ಈಚೆ ಬದಿ. ಕತ್ತಲಲ್ಲಿ ಚಂದ್ರನ ತೆಳು ಅಂಚು, ಕೆಳಗಿನಿಂದ ಚಿಮ್ಮುವ ಚಿಲುಮೆಗಳು ಒಂದೊಂದಾಗಿ ಬೇರೆ ಬೇರೆಯಾಗಿ ಕಂಡವು.

ಸಂಜೆಮಲ್ಲಿಗೆ
ಜುಲೈನಲ್ಲಿ ಅಷ್ಟು ಹತ್ತಿರ ಹೋದಾಗ ಚಿಲುಮೆ ಫೋಟೋದಲ್ಲಿ ಕಾಣಲಿಲ್ಲವೇ? ನವೆಂಬರ್‌ವರೆಗೆ ಯಾಕೆ ಕಾಯಬೇಕಾಯಿತು?

ಬೆಳ್ಳಿಚುಕ್ಕಿ
ಬೆಳಕಿನ ದಿಕ್ಕು ಕಾರಣ ಮೇಡಂ. ಚಿಲುಮೆಯ ಹಿಮಕಣಗಳು ಮೈಕ್ರೋಮೀಟರ್ ಲೆಕ್ಕದವು. ಅಷ್ಟು ಸಣ್ಣ ಕಣ ಬೆಳಕನ್ನು ಹಿಂದಕ್ಕೆ ಎಸೆಯುವುದು ಕಡಿಮೆ, ಮುಂದಕ್ಕೆ ಚೆದುರಿಸುವುದು ಜಾಸ್ತಿ. ಸೂರ್ಯ ನಮ್ಮ ಬೆನ್ನಿಗಿದ್ದರೆ ಚಿಲುಮೆ ಮಾಯ, ಎದುರಿಗಿದ್ದರೆ ಹೊಳೆಯುತ್ತದೆ. ನೆಲ ಚೆನ್ನಾಗಿ ಕಾಣುವ ಕೋನ ಬೇರೆ, ಚಿಲುಮೆ ಕಾಣುವ ಕೋನ ಬೇರೆ. ಹತ್ತಿರ ಹೋದ ಮಾತ್ರಕ್ಕೆ ಎಲ್ಲ ಕಾಣುವುದಿಲ್ಲ.

ನೇರಗೆರೆ
ಎಲ್ಲ ಓದಿದೆ. ಒಂದು ಮಾತು ಯಾರೂ ಎತ್ತಲಿಲ್ಲ. ಆ ನಾಲ್ಕೂ ಗೆರೆ ಹೆಚ್ಚುಕಡಿಮೆ ಸಮಾನಾಂತರ, ನಡುವಿನ ಅಂತರವೂ ಒಂದೇ. ಪ್ರಕೃತಿ ಹೀಗೆ ಸ್ಕೇಲ್ ಇಟ್ಟು ಎಳೆಯುತ್ತದೆಯೇ? ಯೋಚಿಸಿ.

ಪಿಕ್ಸೆಲ್ ಪುಟ್ಟ
ಬಂದರಪ್ಪ.

ಮೂಡಲಗಾಳಿ
ನಾನು ಕಾಯುತ್ತಲೇ ಇದ್ದೆ 😀

ಕಲ್ಲುಗುಂಡು
ನಗಬೇಡಿ, ಪ್ರಶ್ನೆ ಒಳ್ಳೆಯದೇ. ಉತ್ತರ ಮಾತ್ರ ಅವರು ಹೇಳುವ ದಿಕ್ಕಿನಲ್ಲಿಲ್ಲ.

ಹತ್ತಿರದಿಂದ ನೋಡಿದರೆ ಅವು ಗೆರೆಗಳೇ ಅಲ್ಲ, ಕಂದರಗಳು. ಒಂದೊಂದೂ ಸುಮಾರು 130 ಕಿ.ಮೀ. ಉದ್ದ, 2 ಕಿ.ಮೀ. ಅಗಲ, ಅರ್ಧ ಕಿ.ಮೀ. ಆಳ. ಎರಡೂ ದಂಡೆಯಲ್ಲಿ 100 ಮೀಟರ್ ಎತ್ತರದ ದಿಬ್ಬ. ಅಂತರ ಸುಮಾರು 35 ಕಿ.ಮೀ. ತುದಿಯಲ್ಲಿ ಕವಲು ಒಡೆಯುತ್ತವೆ, ಸೊಟ್ಟ ತಿರುಗುತ್ತವೆ. ದೂರದ ಫೋಟೋದಲ್ಲಿ ನೇರ ಕಂಡದ್ದೆಲ್ಲ ಹತ್ತಿರ ಹೋದಂತೆ ಹರಕು ಮುರುಕು.

ಅಂತರ ಸಮ ಇರುವುದಕ್ಕೆ ಒಂದು ಒಳ್ಳೆಯ ವಿವರಣೆ ಇದೆ. ಮೊದಲು ಧ್ರುವದ ಮೇಲೆ ಒಂದೇ ಬಿರುಕು ಬಿಟ್ಟಿತು, ಅದು ಬಾಗ್ದಾದ್. ಅಲ್ಲಿಂದ ಚಿಮ್ಮಿದ ಹಿಮ ಎರಡೂ ದಂಡೆಯ ಮೇಲೆ ಬಿದ್ದು ರಾಶಿಯಾಯಿತು. ಆ ಭಾರಕ್ಕೆ ಹಿಮದ ಹಲಗೆ ಬಾಗಿತು. ಬಾಗಿದ ಹಲಗೆ ಎಲ್ಲಿ ಹೆಚ್ಚು ಬಿಗಿಯುತ್ತದೋ ಅಲ್ಲಿ ಮುಂದಿನ ಬಿರುಕು, ಆಚೆಗೊಂದು ಈಚೆಗೊಂದು. ಹಲಗೆಯ ದಪ್ಪ ಒಂದೇ ಆಗಿರುವುದರಿಂದ ದೂರವೂ ಹೆಚ್ಚುಕಡಿಮೆ ಒಂದೇ.

ನೇರಗೆರೆ
ಇದೂ ಒಂದು ಮಾದರಿ ಅಷ್ಟೇ ಅಲ್ವಾ? ಯಾರೂ ಹೋಗಿ ನೋಡಿಲ್ಲ.

ಕಲ್ಲುಗುಂಡು
ಮಾದರಿಯೇ. ಆದರೆ ದಪ್ಪ, ಭಾರ, ಅಂತರ ಮೂರೂ ಲೆಕ್ಕಕ್ಕೆ ಕೂಡಿಬರುತ್ತವೆ. ನಿಮ್ಮ ಸ್ಕೇಲ್ ಹಿಡಿದವನ ಬಗ್ಗೆ ಇಂಥ ಒಂದು ಲೆಕ್ಕ ಕೊಡಿ, ಅದನ್ನೂ ನೋಡೋಣ.

ತುಂತುರು
ಬಾಗ್ದಾದ್ ಅಂತ ಹೆಸರಿಟ್ಟವರು ಯಾರು? ಶನಿಗೂ ಬಾಗ್ದಾದ್‌ಗೂ ಏನು ಸಂಬಂಧ?

ಮೂಡಲಗಾಳಿ
ಎನ್ಸೆಲಡಸ್ ಮೇಲಿನ ಹೆಸರೆಲ್ಲ ಅರೇಬಿಯನ್ ನೈಟ್ಸ್ ಕಥೆಗಳಿಂದ. ಉಳಿದ ಮೂರು ಪಟ್ಟೆಗಳು ಡಮಾಸ್ಕಸ್, ಕೈರೋ, ಅಲೆಕ್ಸಾಂಡ್ರಿಯಾ. ಉತ್ತರದಲ್ಲಿ ಅಲಿಬಾಬಾ, ಅಲ್ಲಾದೀನ್ ಅಂತ ಅಕ್ಕಪಕ್ಕದ ಕುಳಿಗಳೂ ಇವೆ.

ತುಂತುರು
ಆಹಾ. ನಲವತ್ತು ಕಳ್ಳರಿಗೂ ಕುಳಿ ಬಿಟ್ಟಿದ್ದಾರಾ?

ಇರುಳುಗಣ್ಣು
ಕುಳಿ ಅಂದ ತಕ್ಷಣ ನೆನಪಾಯಿತು. ನನಗೆ ಈ ಫೋಟೋಗಳಲ್ಲಿ ಕುಳಿಗಳು ಕುಳಿಯ ಹಾಗೆ ಕಾಣುವುದೇ ಇಲ್ಲ, ಉಬ್ಬಿದ ಗುಳ್ಳೆಯ ಹಾಗೆ ಕಾಣುತ್ತವೆ. ನನ್ನ ಕಣ್ಣೇ ಹೀಗಾ?

ಉಂಗುರದಾಚೆ
ಎಲ್ಲರಿಗೂ ಆಗುತ್ತದೆ. ಬೆಳಕು ಮೇಲಿನಿಂದ ಬೀಳುತ್ತದೆ ಅಂತ ನಮ್ಮ ಮೆದುಳು ಮೊದಲೇ ತೀರ್ಮಾನಿಸಿಬಿಟ್ಟಿದೆ. ಚಿತ್ರದಲ್ಲಿ ಸೂರ್ಯ ಕೆಳಗಡೆ ಇದ್ದರೆ ತಗ್ಗು ಉಬ್ಬಾಗುತ್ತದೆ, ಉಬ್ಬು ತಗ್ಗಾಗುತ್ತದೆ. ಚಿತ್ರವನ್ನು ತಲೆಕೆಳಗು ಮಾಡಿ ನೋಡಿ, ಒಂದೇ ಏಟಿಗೆ ಕುಳಿಯಾಗುತ್ತದೆ.

ಗಟ್ಟಿ ಮಾಡಿಕೊಳ್ಳಬೇಕಾದರೆ ಹೀಗೆ ಮಾಡಿ. ಮೊದಲು ಗೋಳದ ಯಾವ ಅಂಚು ಬೆಳಗಿದೆ ನೋಡಿ. ಸೂರ್ಯ ಆ ಕಡೆ ಇದ್ದಾನೆ. ಈಗ ಒಂದು ದುಂಡನೆಯ ಗುರುತು ಆರಿಸಿಕೊಳ್ಳಿ. ಸೂರ್ಯನ ಕಡೆಯ ಗೋಡೆ ಕತ್ತಲು, ಆಚೆ ಗೋಡೆ ಬೆಳಕು ಇದ್ದರೆ ಅದು ತಗ್ಗು. ಸೂರ್ಯನ ಕಡೆ ಬೆಳಕು, ಆಚೆ ಕತ್ತಲು ಇದ್ದರೆ ಉಬ್ಬು.

ಹೀಗೆ ನೋಡುವಾಗ ಇನ್ನೊಂದು ವಿಷಯ ಸಿಗುತ್ತದೆ. ದುನ್ಯಾಜಾದ್ ಅನ್ನುವ ಕುಳಿಯಲ್ಲಿ ಗೋಡೆ ತಗ್ಗಿನದು, ತಳ ಮಾತ್ರ ನಿಜವಾಗಿಯೂ ಉಬ್ಬಿದೆ. ಅದು ಕಣ್ಣಿನ ಮೋಸ ಅಲ್ಲ. ಕೆಳಗಿನ ಹಿಮ ಒಂದು ಕಾಲದಲ್ಲಿ ಬೆಚ್ಚಗಾಗಿ, ಮೆತ್ತಗಾಗಿ, ನಿಧಾನವಾಗಿ ಮೇಲೆದ್ದಿದೆ. ಒಳಗೆ ಬಿಸಿ ಇತ್ತು ಅನ್ನುವುದನ್ನು ಹಳೆಯ ಕುಳಿಯ ಆಕಾರವೇ ಹೇಳುತ್ತದೆ.

ಇರುಳುಗಣ್ಣು
ತಿರುಗಿಸಿದೆ. ಅಬ್ಬಾ! ಈಗ ವಾಪಸ್ ಗುಳ್ಳೆ ಮಾಡಿಕೊಳ್ಳಲು ಆಗುತ್ತಿಲ್ಲ.

ಬೆಳ್ಳಿಚುಕ್ಕಿ
ಕುಳಿಗಳ ಲೆಕ್ಕವೂ ಮುಖ್ಯ. ಉತ್ತರದಲ್ಲಿ ಕುಳಿ ತುಂಬಿ ತುಳುಕುತ್ತವೆ. ದಕ್ಷಿಣ ಧ್ರುವದ ಪಟ್ಟೆಗಳ ನಡುವೆ ಹುಡುಕಿದರೂ ಸಿಗುವುದಿಲ್ಲ. ಒಂದೇ ಚಂದ್ರನ ಮೇಲೆ ಅತಿ ಹಳೆಯ ನೆಲ, ಅತಿ ಹೊಸ ನೆಲ ಎರಡೂ ಇವೆ. 1981ರಲ್ಲಿ ವಾಯೇಜರ್ 2 ನೌಕೆ ಕಂಡದ್ದು ಹೆಚ್ಚಾಗಿ ಉತ್ತರ ಭಾಗವನ್ನು. ಅದೂ ಒಂದು ಪಿಕ್ಸೆಲ್‌ಗೆ ಸುಮಾರು ಒಂದು ಕಿಲೋಮೀಟರ್ ಲೆಕ್ಕದಲ್ಲಿ. ನುಣುಪಾದ ಬಯಲು ಕಂಡು ಜನ ಆಗಲೇ ಹುಬ್ಬೇರಿಸಿದ್ದರು, ಆದರೆ ಅಸಲು ಜಾಗ ತಪ್ಪಿಹೋಗಿತ್ತು. ಇನ್ನು ಉತ್ತರವೂ ಬರೀ ಸತ್ತ ನೆಲ ಅಲ್ಲ. 2015ರ ಅಕ್ಟೋಬರ್ 14ರಂದು ಕ್ಯಾಸಿನಿ ಅದನ್ನು ಹತ್ತಿರದಿಂದ ನೋಡಿದಾಗ ಕುಳಿಗಳ ಮಧ್ಯೆಯೇ ಕತ್ತರಿಸಿಕೊಂಡು ಹೋದ ಕೂದಲೆಳೆಯಂಥ ಬಿರುಕುಗಳು ಕಂಡವು. ದೂರದ ಚಿತ್ರದಲ್ಲಿ ಅವುಗಳ ಗುರುತೇ ಇರಲಿಲ್ಲ.

ಪಿಕ್ಸೆಲ್ ಪುಟ್ಟ
ಸರಿ ಗುರು, ಇನ್ನೂ ಸಮುದ್ರ ಬರಲಿಲ್ಲ. ಚಿಲುಮೆ ಇದೆ ಅಂದ ಮಾತ್ರಕ್ಕೆ ಚಂದ್ರದ ತುಂಬ ಸಮುದ್ರ ಇದೆ ಅಂತ ಹೇಗೆ? ಬಿರುಕಿನ ಕೆಳಗೆ ಒಂದು ಗುಂಡಿ ನೀರು ಇದ್ದರೂ ಸಾಕಲ್ವಾ? ಅಥವಾ ಬಿರುಕಿನ ಗೋಡೆಗಳು ಉಜ್ಜಿಕೊಂಡು ಹಿಮವೇ ಆವಿಯಾಗುತ್ತಿರಬಹುದು.

ಶನಿವಾರಸಂತೆ
ಇಷ್ಟು ಹೊತ್ತು ಓದುತ್ತಿದ್ದೆ, ಈಗ ಬರೆಯುತ್ತೇನೆ. ಪುಟ್ಟ ಅವರ ಅನುಮಾನ ಒಂದು ಕಾಲಕ್ಕೆ ವಿಜ್ಞಾನಿಗಳದ್ದೂ ಆಗಿತ್ತು. ಉಜ್ಜಾಟದ ವಾದ ಸೋತದ್ದಕ್ಕೆ ಒಂದು ಕಾರಣ ಉಪ್ಪು. ಕ್ಯಾಸಿನಿಯ ಧೂಳುಮಾಪಕಕ್ಕೆ ಶನಿಯ ಇ-ಉಂಗುರದ ಹಿಮಕಣಗಳಲ್ಲಿ ಸೋಡಿಯಂ ಲವಣ ಸಿಕ್ಕಿತು, ಅದು 2009ರಲ್ಲಿ ಪ್ರಕಟವಾಯಿತು. ಆ ಉಂಗುರವನ್ನು ತುಂಬುತ್ತಿರುವುದೇ ಈ ಚಿಲುಮೆಗಳು. ಹಿಮ ಆವಿಯಾದರೆ ಅಷ್ಟು ಉಪ್ಪು ಬರುವುದಿಲ್ಲ, ಕಲ್ಲಿಗೆ ತಾಗಿದ ನೀರಿನಿಂದ ಬರಬೇಕು.

ಆದರೆ "ಗುಂಡಿ ನೀರೋ, ಇಡೀ ಸಮುದ್ರವೋ" ಅನ್ನುವುದನ್ನು ತೀರ್ಮಾನಿಸಿದ್ದು ಫೋಟೋಗಳೇ. ಕಲ್ಲುಗುಂಡು ಅವರು ಇದನ್ನು ಓದಬೇಕು.

ಎನ್ಸೆಲಡಸ್ ಶನಿಯನ್ನು ಸುಮಾರು 33 ಗಂಟೆಗೆ ಒಂದು ಸುತ್ತು ಹಾಕುತ್ತದೆ. ಯಾವಾಗಲೂ ಒಂದೇ ಮುಖ ತೋರಿಸುತ್ತದೆ. ಕಕ್ಷೆ ಪೂರ್ತಿ ದುಂಡಗಿಲ್ಲ, ಹಾಗಾಗಿ ಸುತ್ತುವಾಗ ಮುಖ ಸ್ವಲ್ಪ ಆ ಕಡೆ ಈ ಕಡೆ ಓಲಾಡುತ್ತದೆ. ಎಷ್ಟು ಓಲಾಡುತ್ತದೆ ಅನ್ನುವುದೇ ಪ್ರಶ್ನೆ. ಹಿಮದ ಚಿಪ್ಪು ಒಳಗಿನ ಕಲ್ಲಿಗೆ ಅಂಟಿಕೊಂಡಿದ್ದರೆ ಇಡೀ ಚಂದ್ರ ಒಟ್ಟಿಗೆ ಓಲಾಡಬೇಕು. ಅಷ್ಟು ಭಾರ ಜಾಸ್ತಿ ಅಲುಗುವುದಿಲ್ಲ. ನಡುವೆ ಎಲ್ಲ ಕಡೆ ನೀರಿದ್ದರೆ ಚಿಪ್ಪು ಮಾತ್ರ ಓಲಾಡುತ್ತದೆ, ಆಗ ಓಲಾಟ ದೊಡ್ಡದು.

ಕಾರ್ನೆಲ್ ವಿಶ್ವವಿದ್ಯಾಲಯದ ಪೀಟರ್ ಥಾಮಸ್ ಮತ್ತು ಜೊತೆಯವರು ಏಳು ವರ್ಷಕ್ಕೂ ಹೆಚ್ಚು ಕಾಲದ ನೂರಾರು ಫೋಟೋ ಇಟ್ಟುಕೊಂಡು ಕುಳಿಗಳ ಜಾಗವನ್ನು ಒಂದೊಂದಾಗಿ ಗುರುತು ಹಾಕಿ ಅಳೆದರು. ಸಿಕ್ಕ ಓಲಾಟ 0.12 ಡಿಗ್ರಿ. ಕೇಳಲು ಏನೂ ಅಲ್ಲ. ಎನ್ಸೆಲಡಸ್‌ನ ತ್ರಿಜ್ಯ ಸುಮಾರು 252 ಕಿ.ಮೀ. ಇಟ್ಟು ಗುಣಿಸಿದರೆ ಸಮಭಾಜಕದ ಮೇಲೆ ಅರ್ಧ ಕಿಲೋಮೀಟರ್ ಆಗುತ್ತದೆ. ಚಿಪ್ಪು ಅಂಟಿಕೊಂಡಿದ್ದರೆ ಅಷ್ಟು ಜರುಗಲು ಸಾಧ್ಯವೇ ಇಲ್ಲ. 2014ರ ಗುರುತ್ವ ಅಳತೆ ದಕ್ಷಿಣದಲ್ಲಿ ನೀರಿದೆ ಎಂದಿತ್ತು. 2015ರಲ್ಲಿ ಈ ಅಳತೆ ಬಂದ ಮೇಲೆ ಸಮುದ್ರ ಇಡೀ ಚಂದ್ರವನ್ನು ಸುತ್ತುವರಿದಿದೆ ಅಂತ ಆಯಿತು.

ಸಂಜೆಮಲ್ಲಿಗೆ ಅವರೇ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು. ನೀರು ಯಾವ ಒಂದು ಫೋಟೋದಲ್ಲೂ ಇಲ್ಲ. ಮೊದಲ ಫೋಟೋಗೂ ಏಳು ವರ್ಷದ ನಂತರದ ಫೋಟೋಗೂ ನಡುವಿನ ವ್ಯತ್ಯಾಸದಲ್ಲಿದೆ. ಸುದ್ದಿಯಾಗುವ ನೀಲಿ ಚಿತ್ರಕ್ಕಿಂತ, ಯಾರೂ ಶೇರ್ ಮಾಡದ ಆ ಬೂದು ಬಣ್ಣದ ಕುಳಿಗಳ ಚಿತ್ರಗಳು ಜಾಸ್ತಿ ಕೆಲಸ ಮಾಡಿವೆ.

ಕಲ್ಲುಗುಂಡು
ಓದಿದೆ. ಆ ಅಳತೆ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಆದರೂ ಆ ನೀರಿನ ಗುಣ ಹೇಳಿದ್ದು ಕ್ಯಾಮೆರಾ ಅಲ್ಲ. 2015ರ ಅಕ್ಟೋಬರ್ 28ರಂದು ನೌಕೆ 49 ಕಿ.ಮೀ. ಎತ್ತರದಲ್ಲಿ ಚಿಲುಮೆಯ ಒಳಗೇ ನುಗ್ಗಿತು. ಅಲ್ಲಿ ಸಿಕ್ಕ ಜಲಜನಕದ ವಿಚಾರ 2017ರಲ್ಲಿ ಪ್ರಕಟವಾಯಿತು. ಸಮುದ್ರದ ತಳದಲ್ಲಿ ಬಿಸಿನೀರು ಕಲ್ಲಿನೊಂದಿಗೆ ಸೇರುತ್ತಿರಬಹುದು ಅನ್ನುವ ಸುಳಿವು ಅದು. ಕ್ಯಾಸಿನಿ ಮುಗಿದುಹೋದ ಮೇಲೂ ಹಳೆಯ ದತ್ತಾಂಶದಲ್ಲಿ ಫಾಸ್ಫೇಟ್ ಸಿಕ್ಕಿತು, 2023ರಲ್ಲಿ.

ಶನಿವಾರಸಂತೆ
ಜಗಳ ಏನೂ ಇಲ್ಲ ಬಿಡಿ. ಎಲ್ಲಿಗೆ ನುಗ್ಗಬೇಕು ಅಂತ ಚಿತ್ರ ತೋರಿಸಿತು, ನುಗ್ಗಿದ ಮೇಲೆ ಮೂಗು ಹೇಳಿತು.

ತುಂತುರು
ಚಿಲುಮೆ ಒಟ್ಟು ಎಷ್ಟಿವೆ? ಎಲ್ಲೋ 101 ಅಂತ ಓದಿದ್ದೆ.

ಉಂಗುರದಾಚೆ
ಇಲ್ಲಿ ಒಂದು ಮಜವಾದ ಜಗಳ ಇದೆ. 2014ರಲ್ಲಿ ಕ್ಯಾರೊಲಿನ್ ಪೋರ್ಕೊ ತಂಡ ಆರೂವರೆ ವರ್ಷದ ಚಿತ್ರಗಳಿಂದ 101 ಚಿಲುಮೆಗಳನ್ನು ಗುರುತಿಸಿತು. ಮರುವರ್ಷವೇ ಜೋಸೆಫ್ ಸ್ಪಿಟೇಲ್ ತಂಡ ಬೇರೆ ಮಾತು ಹೇಳಿತು. ಬಿರುಕಿನ ಉದ್ದಕ್ಕೂ ಹಾಳೆಯಂತೆ ತುಂತುರು ಏಳುತ್ತಿರಬಹುದು, ನಾವು ಎಣಿಸಿದ ಎಷ್ಟೋ ಚಿಲುಮೆ ಕಣ್ಣಿನ ಭ್ರಮೆ ಅಂತ. ಕಿಟಕಿಯ ತೆಳು ಪರದೆಯನ್ನು ಒಂದು ಬದಿಯಿಂದ ನೋಡಿ. ಬಟ್ಟೆ ಒಂದೇ ದಪ್ಪ. ಆದರೂ ಮಡಿಕೆ ತಿರುಗುವ ಕಡೆ ನಮ್ಮ ನೋಟ ಹೆಚ್ಚು ಬಟ್ಟೆ ದಾಟಿ ಬರುತ್ತದೆ, ಅಲ್ಲಿ ಗಾಢವಾದ ಗೆರೆ ಕಾಣುತ್ತದೆ. ಬಿರುಕು ಅಂಕುಡೊಂಕಾಗಿರುವುದರಿಂದ ಅಲ್ಲಿಯೂ ಹೀಗೆಯೇ. ನೌಕೆ ಜಾಗ ಬದಲಿಸಿದರೆ ಇಂಥ ಸುಳ್ಳು ಚಿಲುಮೆಯೂ ಜಾಗ ಬದಲಿಸುತ್ತದೆ.

ಹಾಗಂತ ಎಲ್ಲವೂ ಸುಳ್ಳಲ್ಲ. ಒಂಟಿ ಚಿಲುಮೆಗಳೂ ಇವೆ, ಹಾಳೆಗಳೂ ಇವೆ. ಯಾವುದು ಎಷ್ಟು ಅನ್ನುವುದರಲ್ಲೇ ತಕರಾರು.

ಪಿಕ್ಸೆಲ್ ಪುಟ್ಟ
ನೋಡಿ! ಅದಕ್ಕೇ ನಾನು ಹೇಳುವುದು, ಫೋಟೋ ನಂಬಬೇಡಿ.

ಉಂಗುರದಾಚೆ
ಒಂದು ಕೋನದ ಫೋಟೋ ನಂಬಬೇಡಿ ಅನ್ನಿ, ಒಪ್ಪುತ್ತೇನೆ.

ಮೂಡಲಗಾಳಿ
ಒಂದು ಅಡ್ಡಮಾತು. ಅಷ್ಟು ವೇಗದಲ್ಲಿ ಹೋಗುವ ನೌಕೆಯಿಂದ ಫೋಟೋ ಅಲುಗದೆ ಹೇಗೆ ಬರುತ್ತದೆ? ಅಲ್ಲಿ ಬಿಸಿಲೂ ಭೂಮಿಯಲ್ಲಿ ಇರುವುದರ 90ರಲ್ಲಿ ಒಂದು ಪಾಲು. ಶಟರ್ ಸ್ವಲ್ಪ ಹೊತ್ತು ತೆರೆದಿರಲೇಬೇಕು.

ಬೆಳ್ಳಿಚುಕ್ಕಿ
ನನಗೆ ಇಷ್ಟವಾದ ಕಥೆ ಇದು. 2008ರ ಆಗಸ್ಟ್ 11ರಂದು ನೌಕೆ ಸೆಕೆಂಡಿಗೆ 17.7 ಕಿ.ಮೀ. ವೇಗದಲ್ಲಿ, 50 ಕಿ.ಮೀ. ಎತ್ತರದಲ್ಲಿ ಹಾದುಹೋಯಿತು. ಸೆಕೆಂಡಿನ ನೂರರಲ್ಲಿ ಒಂದು ಭಾಗ ಶಟರ್ ತೆರೆದರೂ ನೆಲ 177 ಮೀಟರ್ ಜಾರುತ್ತದೆ. ಬೇಕಾಗಿದ್ದದ್ದು ಪಿಕ್ಸೆಲ್‌ಗೆ 7 ಮೀಟರ್ ಸ್ಪಷ್ಟತೆ. ಅಂದರೆ 25 ಪಿಕ್ಸೆಲ್ ಉದ್ದಕ್ಕೂ ಗೀಚಿದ ಹಾಗೆ ಬರುತ್ತಿತ್ತು.

ಕ್ಯಾಮೆರಾ ಬೇರೆ ತಿರುಗುವುದಿಲ್ಲ, ಅದು ನೌಕೆಗೇ ಬಿಗಿದಿದೆ. ತಿರುಗಬೇಕಾದರೆ ಇಡೀ ನೌಕೆಯೇ ತಿರುಗಬೇಕು. ಹತ್ತಿರ ಬಂದ ಮೇಲೆ ತಿರುಗಲು ಶುರು ಮಾಡಿದರೆ ತಡವಾಗುತ್ತದೆ. ಹಾಗಾಗಿ ಎನ್ಸೆಲಡಸ್ ಹಾದುಹೋಗುವ ದಾರಿಯಲ್ಲಿ ಮುಂದಿನ ಒಂದು ಜಾಗಕ್ಕೆ ಗುರಿ ಇಟ್ಟು, ನೌಕೆಯನ್ನು ಮೊದಲೇ ಪೂರ್ತಿ ವೇಗದಲ್ಲಿ ತಿರುಗಿಸಲು ಶುರು ಮಾಡಿದರು. ಚಂದ್ರ ಹಿಂದಿನಿಂದ ಬಂದು ಕ್ಯಾಮೆರಾದ ನೋಟದೊಳಗೆ ನುಗ್ಗಿತು. ಒಂದಷ್ಟು ಹೊತ್ತು ಎರಡರ ವೇಗವೂ ಹೊಂದಿಕೊಂಡಿತು. ಅಷ್ಟರಲ್ಲೇ ಪಟಪಟ ಏಳು ಚಿತ್ರ. ಪಟ್ಟೆಗಳ ಗೋಡೆ, ದಿಬ್ಬ, ಉರುಳಿದ ಹಿಮಬಂಡೆ ಎಲ್ಲ ಸ್ಪಷ್ಟ.

ಇರುಳುಗಣ್ಣು
ಹಿಮಬಂಡೆ ಅಂದರೆ ಎಷ್ಟು ದೊಡ್ಡದು?

ಬೆಳ್ಳಿಚುಕ್ಕಿ
2005ರ ಅತಿ ಹತ್ತಿರದ ಚಿತ್ರದಲ್ಲಿ ಪಿಕ್ಸೆಲ್‌ಗೆ ಸುಮಾರು 4 ಮೀಟರ್. ಅದರಲ್ಲಿ 10ರಿಂದ 100 ಮೀಟರ್ ಗಾತ್ರದ ಬಂಡೆಗಳು ಚೆಲ್ಲಾಡಿವೆ. ದೂರದಿಂದ ಅಷ್ಟು ನುಣುಪಾಗಿ ಕಂಡ ಜಾಗ ಹತ್ತಿರದಲ್ಲಿ ಕಾಲಿಡಲು ಜಾಗ ಇಲ್ಲದ ಹಾಗಿದೆ. ಅಲ್ಲಿ ನೌಕೆ ಇಳಿಸಬೇಕು ಅನ್ನುವವರು ಆ ಚಿತ್ರ ಒಮ್ಮೆ ನೋಡಲಿ.

ನೇರಗೆರೆ
ಬಿರುಕು ಯಾವಾಗಲೂ ತೆರೆದೇ ಇರುತ್ತದೆಯೇ? ಅಷ್ಟು ಚಳಿಗೆ ಹೆಪ್ಪುಗಟ್ಟಬೇಕಲ್ವಾ?

ಶನಿವಾರಸಂತೆ
ಈ ಸಲ ನೇರ ಪ್ರಶ್ನೆ ಕೇಳಿದಿರಿ 🙂 ಸುತ್ತಲಿನ ನೆಲ ಸೊನ್ನೆಗಿಂತ 200 ಡಿಗ್ರಿ ಸೆಲ್ಸಿಯಸ್ ಕೆಳಗೆ. ಬಿರುಕಿನ ಬಾಯಿ ಸುಮಾರು 75 ಡಿಗ್ರಿ ಕೆಳಗೆ. ಅಲ್ಲಿನ ಲೆಕ್ಕಕ್ಕೆ ಇದು ಬಿಸಿ. ಶನಿಯ ಎಳೆತ ಬಿರುಕುಗಳನ್ನು ಹಿಂಡುತ್ತಾ ಬಿಡುತ್ತಾ ಇರುತ್ತದೆ. ಎನ್ಸೆಲಡಸ್ ಶನಿಯಿಂದ ಅತಿ ದೂರ ಇದ್ದಾಗ ತುಂತುರು ಅತಿ ಹತ್ತಿರ ಇದ್ದಾಗಿಗಿಂತ ಮೂರ್ನಾಲ್ಕು ಪಟ್ಟು ಹೆಚ್ಚು ಬೆಳಗುತ್ತದೆ. ಡಯೋನ್ ಅನ್ನುವ ಇನ್ನೊಂದು ಚಂದ್ರ ಒಂದು ಸುತ್ತು ಹಾಕುವಷ್ಟರಲ್ಲಿ ಎನ್ಸೆಲಡಸ್ ಎರಡು ಸುತ್ತು ಹಾಕುತ್ತದೆ. ಆ ತಾಳಮೇಳದಿಂದ ಕಕ್ಷೆ ಎಂದೂ ಪೂರ್ತಿ ದುಂಡಗಾಗುವುದಿಲ್ಲ, ಹಿಂಡುವುದೂ ನಿಲ್ಲುವುದಿಲ್ಲ.

ತುಂತುರು
ಇನ್ನು ಹೊಸ ಫೋಟೋ ಯಾವಾಗ? ಕ್ಯಾಸಿನಿ 2017ರ ಸೆಪ್ಟೆಂಬರ್‌ನಲ್ಲೇ ಶನಿಯೊಳಗೆ ಬಿದ್ದುಹೋಯಿತು.

ಮೂಡಲಗಾಳಿ
ಎನ್ಸೆಲಡಸ್ ಅಂದರೆ ಕಾಯಬೇಕು. ಹಿಮದ ಚಿಪ್ಪಿನ ಇನ್ನೊಂದು ಚಂದ್ರ, ಗುರುವಿನ ಯುರೋಪಾ ಕಡೆಗೆ ಕ್ಲಿಪ್ಪರ್ ನೌಕೆ 2024ರ ಅಕ್ಟೋಬರ್‌ನಲ್ಲಿ ಹೊರಟಿದೆ, ಗುರುವನ್ನು ಸೇರುವುದು 2030ಕ್ಕೆ. ಯುರೋಪಾ ಪಕ್ಕದಲ್ಲಿ ಸುಮಾರು ಐವತ್ತು ಸಲ ಹಾದುಹೋಗುವ ಯೋಜನೆ, ಕೆಲವು ಸಲ 25 ಕಿ.ಮೀ. ಹತ್ತಿರಕ್ಕೆ.

ಪಿಕ್ಸೆಲ್ ಪುಟ್ಟ
ಅಲ್ಲಿಯವರೆಗೆ ಹಳೆಯದನ್ನೇ ಕೆದಕೋಣ. ಕ್ಯಾಸಿನಿಯ ರಾ ಚಿತ್ರ ಒಂದಷ್ಟು ಇಳಿಸಿಕೊಂಡೆ. ಕತ್ತಲೆ ಭಾಗದ ತುಂಬ ಬಿಳಿ ಚುಕ್ಕೆ, ಕೆಲವು ಸಣ್ಣ ಗೀಟು. ನಕ್ಷತ್ರವಾ, ಚಿಲುಮೆಯ ಹಿಮವಾ?

ಉಂಗುರದಾಚೆ
ಬಹುಪಾಲು ಕಾಸ್ಮಿಕ್ ಕಿರಣ ಸೆನ್ಸರ್‌ಗೆ ಬಡಿದ ಗುರುತು. ಅದೇ ಸರಣಿಯ ಮುಂದಿನ ಚಿತ್ರ ತೆರೆದು ಒಂದರ ಮೇಲೊಂದು ಇಡಿ. ಅದರಲ್ಲಿ ಇಲ್ಲದಿದ್ದರೆ ಕಿರಣ. ಚುಕ್ಕೆಗಳ ಗುಂಪು ಅದೇ ಆಕಾರದಲ್ಲಿ ಒಟ್ಟಿಗೆ ಜರುಗಿದ್ದರೆ ನಕ್ಷತ್ರ. ಇನ್ನೊಂದು, ನೀವು ಇಳಿಸಿದ್ದು ಜೆಪೆಗ್ ಆಗಿದ್ದರೆ ಅಂಚುಗಳಲ್ಲಿ ಚೌಕ ಚೌಕ ಕಾಣುತ್ತದೆ, ಅದನ್ನು ಹಿಮ ಅಂದುಕೊಳ್ಳಬೇಡಿ. ಅಳತೆ ಮಾಡುವ ಮನಸ್ಸಿದ್ದರೆ ಗ್ರಹಗಳ ದತ್ತಾಂಶ ಭಂಡಾರದ ಮೂಲ ಫೈಲ್ ತೆಗೆದುಕೊಳ್ಳಿ, ಅದೂ ಎಲ್ಲರಿಗೂ ಮುಕ್ತ.

ಪಿಕ್ಸೆಲ್ ಪುಟ್ಟ
ಎರಡು ಚಿತ್ರ ಇಟ್ಟು ನೋಡಿದೆ. ಹೆಚ್ಚಿನವು ಮಾಯ, ಮೂರು ಮಾತ್ರ ಒಟ್ಟಿಗೆ ಜರುಗಿವೆ. ಮೂಲ ಫೈಲ್ ಯಾವ ಸಾಫ್ಟ್‌ವೇರ್‌ನಲ್ಲಿ ತೆರೆಯುತ್ತದೆ?